ಗ್ರೂಪ್ ಫೋಟೋದ ಹಿಂದೆ ಉಳಿದ ಶಾಲೆ

ನೀವು ಓದಿದ ಪ್ರೈಮರಿ ಶಾಲೆಯ ಒಂದು ಚಿತ್ರ ನಿಮ್ಮ ಹತ್ತಿರ ಇದೆಯಾ? ಗ್ರೂಪ್ ಫೋಟೋ ಲೆಕ್ಕಕ್ಕಿಲ್ಲ. ಅದರಲ್ಲಿ ಇರೋದು ನಾವು. ಶಾಲೆ ಇರೋದು ನಮ್ಮ ತಲೆಗಳ ಹಿಂದೆ. ಅರ್ಧ ಕಿಟಕಿ, ಒಂದು ಕಂಬ, ಹೆಂಚಿನ ಅಂಚು, ಅಷ್ಟೇ.

ನಮ್ಮೂರು ತಿಪಟೂರಿಂದ ತುರುವೇಕೆರೆ ಕಡೆ ಹೋಗುವಾಗ ಸಿಗುತ್ತೆ. ಸುತ್ತ ತೆಂಗಿನ ತೋಟ, ನಡುವೆ ನೂರಿಪ್ಪತ್ತು ಮನೆ, ಒಂದು ಸರ್ಕಾರಿ ಶಾಲೆ. ನಾಡಹೆಂಚಲ್ಲ, ಮಂಗಳೂರು ಹೆಂಚಿನ ಶಾಲೆ. ಅಪ್ಪ ಓದಿದ್ದು ಅಲ್ಲೇ, ನಾನು ಓದಿದ್ದೂ ಅಲ್ಲೇ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು: ಹಳೇ ಕಟ್ಟಡ ಶಿಥಿಲ ಅಂತ ಇಂಜಿನಿಯರ್ ಬರೆದುಕೊಟ್ಟಿದ್ದಾರೆ, ಬೇಸಿಗೆ ರಜೆಯಲ್ಲಿ ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಕೊಠಡಿ ಕಟ್ಟುತ್ತಾರೆ. ತಪ್ಪು ಅನ್ನೋ ಹಾಗಿಲ್ಲ. ತೊಲೆಗೆ ಗೆದ್ದಲು ಹತ್ತಿತ್ತು, ಮಳೆ ಬಂದರೆ ಮಕ್ಕಳು ಒಂದೇ ಮೂಲೆಯಲ್ಲಿ ಕೂರುತ್ತಿದ್ದರು.

ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್ ಎದ್ದು ಕೂತಿತು. ಕೆಡವೋ ಮೊದಲು ನೆನಪಿಗೆ ಏನಾದರೂ ಮಾಡೋಣ ಅಂತ ಎಲ್ಲರೂ. ಒಬ್ಬರು ಸ್ಟೀಲ್ ಲೋಟ ಅಂದರು, ಇನ್ನೊಬ್ಬರು ಟೀ ಶರ್ಟ್ ಅಂದರು. ನಾನು ಒಂದು ಚಿತ್ರ ಕಳಿಸಿದೆ.

ಅದು ಬಂದಿದ್ದು ನನ್ನ ಆಫೀಸಿನಿಂದ. ನಮ್ಮ ಪ್ರಾಜೆಕ್ಟಿನ ಇಂಗ್ಲೆಂಡಿನ ಕ್ಲೈಂಟ್ ಒಬ್ಬರು ವಿಡಿಯೋ ಕಾಲ್‌ಗೆ ಕೂರುವಾಗ ಹಿಂದಿನ ಗೋಡೆಯಲ್ಲಿ ಒಂದು ಚೌಕಟ್ಟು ಕಾಣುತ್ತಿತ್ತು. ಹಳೇ ಕಲ್ಲಿನ ಕಟ್ಟಡ, ಮುಂದೆ ಹಸಿರು ಹುಲ್ಲು, ಸಣ್ಣಸಣ್ಣ ಹುಡುಗರು. ಕೇಳಿದ್ದಕ್ಕೆ, ಅದು ಅವರು ಓದಿದ ಶಾಲೆಯ ಹಳೇ ಎಂಗ್ರೇವಿಂಗ್‌ನ ನಕಲು, ಬಣ್ಣ ಕೈಯಲ್ಲಿ ಹಾಕಿದ್ದು ಅಂದರು. ಅಲ್ಲಿ ಇಂಥವನ್ನು ಮಾಡಿ ಹಳೆ ವಿದ್ಯಾರ್ಥಿಗಳಿಗೆ ಮಾರುವವರೇ ಇದ್ದಾರಂತೆ.

ಆ ರಾತ್ರಿ ಅದರ ಹಿಂದೆ ಬಿದ್ದೆ. ಎಂಗ್ರೇವಿಂಗ್ ಅಂದರೆ ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲಿನದ್ದನ್ನು ಒರೆಸಿ, ಒದ್ದೆ ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರ. ತಗಡಿನ ಮೇಲೆ ಎಡ ಇದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತೆ, ಹಾಗಾಗಿ ಕೊರೆಯುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಕೊರೆಯಬೇಕು. ಡೇವಿಡ್ ಲೋಗನ್ ಎಂಬಾತ 1675ರಲ್ಲೇ ಆಕ್ಸ್‌ಫರ್ಡಿನ ಕಾಲೇಜುಗಳನ್ನೆಲ್ಲ ಹೀಗೆ ಕೊರೆದು ಪುಸ್ತಕ ಮಾಡಿದ. ಆಮೇಲೆ 1816ರಲ್ಲಿ ರುಡಾಲ್ಫ್ ಅಕರ್ಮನ್ ಎಂಬ ಜರ್ಮನ್ ಮೂಲದ ಪ್ರಕಾಶಕ, ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದವನು, ಈಟನ್, ವಿಂಚೆಸ್ಟರ್, ಹ್ಯಾರೋ, ರಗ್ಬಿ ಮುಂತಾದ ಶಾಲೆಗಳ ಚಿತ್ರದ ಪುಸ್ತಕ ತಂದ. 40ಕ್ಕೂ ಹೆಚ್ಚು ಚಿತ್ರಗಳು, ಬಣ್ಣದವು.

ಆ ಕಾಲಕ್ಕೆ ಬಣ್ಣದಲ್ಲೇ ಅಚ್ಚು ತೆಗೆಯೋದು ಕಷ್ಟ, ದುಬಾರಿ. ಹಾಗಾಗಿ ಗೆರೆ ಮತ್ತು ನೆರಳು ಮಾತ್ರ ಅಚ್ಚಿನಲ್ಲಿ, ಬಣ್ಣ ಕುಂಚದಲ್ಲಿ. ಒಬ್ಬ ಕಲಾವಿದ ಮಾದರಿಗೆ ಒಂದು ಪ್ರತಿ ಬಣ್ಣ ಹಾಕಿ ಕೊಡುತ್ತಿದ್ದ. ಅದನ್ನು ಎದುರಿಗಿಟ್ಟುಕೊಂಡು ಕೆಲಸಗಾರರು ಒಂದೊಂದೇ ಪ್ರತಿಗೆ ತುಂಬುತ್ತಿದ್ದರು. ಚಿತ್ರ ಬರೆದವನ ಹೆಸರು, ತಗಡು ಕೊರೆದವನ ಹೆಸರು ಕೆಳಗೆ ಸಣ್ಣದಾಗಿ ಇರುತ್ತೆ. ಬಣ್ಣ ತುಂಬಿದವರ ಹೆಸರು ಇರೋದಿಲ್ಲ.

ಗ್ರೂಪಿನಲ್ಲಿ ಎಲ್ಲರಿಗೂ ಹಿಡಿಸಿತು. 'ನಮ್ಮ ಶಾಲೆದೂ ಇಂಥದ್ದು ಹುಡುಕು' ಅಂದರು.

ಹುಡುಕೋದು ಎಲ್ಲಿ?

ನಮ್ಮ ಸೀಮೆಯ ಎಂಗ್ರೇವಿಂಗ್‌ಗಳು ಇಲ್ಲದೇ ಇಲ್ಲ. ಟಿಪ್ಪು ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ, 1791ರಲ್ಲಿ, ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸೈನ್ಯದ ಜೊತೆಗೇ ಬಂದಿದ್ದ. ಅವನ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಬೆಂಗಳೂರು ಕೋಟೆ, ಸಾವನದುರ್ಗ, ನಮ್ಮ ತುಮಕೂರು ಜಿಲ್ಲೆಯದ್ದೇ ಆದ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಎಲ್ಲ ಅದರಲ್ಲಿವೆ. ಜೇಮ್ಸ್ ಹಂಟರ್ ಎಂಬ ಫಿರಂಗಿ ದಳದ ಅಧಿಕಾರಿ ಬರೆದ ಮೈಸೂರು ಸೀಮೆಯ ಚಿತ್ರಗಳು 1805ರಲ್ಲಿ ಬಂದವು, ಅವಕ್ಕೂ ಬಣ್ಣ ಕೈಯಲ್ಲೇ ಹಾಕಿದ್ದು. ಆದರೆ ಅವರು ನೋಡಿದ್ದು ದಂಡಿನ ಕಣ್ಣಿನಲ್ಲಿ. ಗೆಲ್ಲಬೇಕಾದ ಬೆಟ್ಟ, ಹತ್ತಬೇಕಾದ ಗೋಡೆ, ಗೆದ್ದ ಮೇಲೆ ಅರಮನೆ.

ಅದೂ ಅಲ್ಲದೆ, ಆಗ ನಮ್ಮ ಕಡೆ ಶಾಲೆ ಅಂದರೆ ಕಟ್ಟಡವೇ ಅಲ್ಲ. ಕೂಲಿಮಠ. ಯಾರದ್ದೋ ಮನೆ ಜಗಲಿ, ಇಲ್ಲಾ ಗುಡಿಯ ಪಡಸಾಲೆ. ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಐಗಳಿಗೆ ಕೊಡೋದು ದವಸ, ಬೆಲ್ಲ, ಕಾಯಿ. ಯಾವ ಚಿತ್ರಕಾರ ತಾನೇ ನಿಂತು ಜಗಲಿ ಬರೆದಾನು? ಸರ್ಕಾರದ ಶಾಲೆಗಳು ಹಳ್ಳಿ ಕಡೆಗೆ ಬರೋದಕ್ಕೆ ಶುರುವಾಗಿದ್ದು 1868ರಲ್ಲಿ. ಆಗ ಮೈಸೂರಿನಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಬಿ.ಎಲ್. ರೈಸ್. ಹೌದು, ಶಾಸನಗಳ ರೈಸ್ ಅವರೇ. ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಅವರದ್ದು.

ಅಷ್ಟು ಹೊತ್ತಿಗೆ ಕ್ಯಾಮೆರಾ ಬಂದಿತ್ತು, ತಗಡು ಕೊರೆಯುವವರ ಕಾಲ ಮುಗಿಯುತ್ತಾ ಬಂದಿತ್ತು. ನಮ್ಮ ಹಳ್ಳಿ ಶಾಲೆಗಳು ಎದ್ದು ನಿಲ್ಲುವ ಹೊತ್ತಿಗೆ ಕೊರೆಯುವವನು ಇಲ್ಲ. ಫೋಟೋದವನು ಬರುತ್ತಿದ್ದುದು ವರ್ಷಕ್ಕೊಂದು ಸಲ, ಅದೂ ಏಳನೇ ಕ್ಲಾಸಿನ ಗ್ರೂಪ್ ಫೋಟೋಗೆ. ಹೀಗೆ ಎರಡರ ನಡುವೆ ನಮ್ಮ ಶಾಲೆಗಳು ಜಾರಿ ಬಿದ್ದವು.

ನಮ್ಮ ಬ್ಯಾಚಿನವನೊಬ್ಬ ಪುಣೆಯಲ್ಲಿದ್ದಾನೆ. ಅವನಿಗೆ ಇದೆಲ್ಲ ಪುರಾಣ ಅನ್ನಿಸಿತು. ಎರಡು ನಿಮಿಷದ ಕೆಲಸ ಅಂತ ಶಾಲೆಯ ಈಗಿನ ಫೋಟೋ ಒಂದನ್ನು ಎಐ ಆಪ್‌ಗೆ ಹಾಕಿ, ಹಳೇ ಎಂಗ್ರೇವಿಂಗ್ ಥರ ಮಾಡು ಅಂದ. ಬಂತು. ಚೆನ್ನಾಗಿಯೂ ಇತ್ತು. ಆದರೆ ನಮ್ಮ ಶಾಲೆಗೆ ಚರ್ಚಿನ ಹಾಗೆ ಚೂಪು ಕಮಾನಿನ ಕಿಟಕಿ ಬಂದಿತ್ತು. ಮಾಡಿನ ಮೇಲೆ ಗಂಟೆಯ ಗೋಪುರ ಎದ್ದಿತ್ತು. ತೆಂಗಿನ ಮರಗಳೆಲ್ಲ ಸಮುದ್ರದ ದಂಡೆಯಲ್ಲಿ ಇರುವಂತೆ ಬಾಗಿ ನಿಂತಿದ್ದವು.

ನನ್ನ ಕೆಲಸವೇ ಇಂಥದ್ದರ ಆಸುಪಾಸಿನದ್ದು, ಹಾಗಾಗಿ ಆಶ್ಚರ್ಯ ಆಗಲಿಲ್ಲ. ಹಳೇ ಶಾಲೆಯ ಕೆತ್ತನೆ ಚಿತ್ರ ಅಂದರೆ ಅದು ನೋಡಿರೋದು ಈಟನ್ನು, ಹ್ಯಾರೋ. ನಮ್ಮದನ್ನು ನೋಡಿಯೇ ಇಲ್ಲ. ನಾವೇ ಬರೆದಿಟ್ಟಿಲ್ಲ ಅಂದ ಮೇಲೆ ಅದಾದರೂ ಎಲ್ಲಿಂದ ತರುತ್ತೆ? ಇದ್ದದ್ದನ್ನು ತಂದು ನಮ್ಮ ಮೇಲೆ ಹೊದಿಸಿತು.

'ಹಂಗಾದ್ರೆ ಕೈಯಲ್ಲೇ ಬರೆಸಿ' ಅಂದರು ಗ್ರೂಪಿನ ಹಿರಿಯರೊಬ್ಬರು. ಯಾರ ಕೈಯಲ್ಲಿ ಅನ್ನೋದನ್ನು ಕೇಳುವ ಹಾಗೇ ಇರಲಿಲ್ಲ.

ತಿಪಟೂರಿನಲ್ಲಿ ಬೋರ್ಡ್ ಬರೆಯುವ ನಮ್ಮೂರಿನವರೊಬ್ಬರಿದ್ದಾರೆ. ಊರಿನ ವಾವೆಯಲ್ಲಿ ನನಗೆ ಮಾವ ಆಗಬೇಕು. ವಯಸ್ಸು ಅರವತ್ತು ದಾಟಿದೆ. ಒಂದು ಕಾಲಕ್ಕೆ ಕೊಬ್ಬರಿ ಮಂಡಿಗಳ ಬೋರ್ಡು, ಲಾರಿ ಹಿಂದಿನ ಬರಹ, ಶಾಲೆ ಗೋಡೆಯ ಭಾರತದ ನಕ್ಷೆ, ಎಲ್ಲ ಅವರದ್ದೇ ಕೈ. ಫ್ಲೆಕ್ಸ್ ಬಂದ ಮೇಲೆ ಕೆಲಸ ಇಳಿಯಿತು. ಈಗ ಮನೆ ಪೇಂಟಿಂಗು, ಸೀಸನ್ನಿನಲ್ಲಿ ಗುಡಿಗಳ ಕೆಲಸ. ನಮ್ಮ ಶಾಲೆಯ ಬಾಗಿಲ ಮೇಲಿನ ಹೆಸರು ಬರೆದವರೂ ಅವರೇ.

ಹೋಗಿ ಅಕರ್ಮನ್ನನ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

'ಇದರಲ್ಲಿ ಬಣ್ಣ ಕಡಿಮೆ ಐತೆ ಕಣವ್ವ. ಗೆರೇನೇ ಎಲ್ಲಾ ಹೇಳ್ತೈತೆ. ಬಣ್ಣ ಸುಮ್ನೆ ಮೇಲೆ ಒಂದು ಪದರ.'

'ಬರೀತೀರಾ ಮಾವ?'

'ಬರೀಬೌದು. ಆದ್ರೆ ಈಗಿರೋ ಸ್ಕೂಲ್ ಬರೀಬೇಕಾ, ಆಗಿದ್ದ ಸ್ಕೂಲ್ ಬರೀಬೇಕಾ?'

ಅದೇ ತೊಡಕು. ಈಗಿನ ಕಟ್ಟಡ ಹಳೆಯದ್ದರ ಹಾಗಿಲ್ಲ. ಮುಂದಿನ ಜಗಲಿಗೆ ಇಟ್ಟಿಗೆ ಕಟ್ಟಿ ಗ್ರಿಲ್ ಕೂರಿಸಿದ್ದಾರೆ. ಎಡಗಡೆ ಕಾಂಕ್ರೀಟ್ ರೂಮು ಅಂಟಿಸಿದ್ದಾರೆ. ಮಾಡಿನ ಅರ್ಧಕ್ಕೆ ಶೀಟು. ಮರದ ಕಂಬಗಳಲ್ಲಿ ಎರಡು ಗೋಡೆಯೊಳಗೆ ಹುದುಗಿ ಹೋಗಿವೆ.

ಹಾಗಾಗಿ ಗ್ರೂಪಿನಲ್ಲಿ ಕೇಳಿದೆವು: ಮನೆಯಲ್ಲಿರುವ ಗ್ರೂಪ್ ಫೋಟೋಗಳನ್ನು ಗೋಡೆಯಿಂದ ಇಳಿಸಿ, ಗಾಜು ತೆಗೆದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿ. ಹನ್ನೊಂದು ಬಂದವು. ಎಲ್ಲಕ್ಕಿಂತ ಹಳೆಯದು ಅಪ್ಪನದ್ದು, ಎಪ್ಪತ್ತರ ದಶಕದ್ದು. ಅಟ್ಟದ ಮೆಟ್ಟಿಲ ಪಕ್ಕ ನೇತುಹಾಕಿದ್ದರಿಂದ ಕೊಬ್ಬರಿ ಇಳಿಸುವಾಗಿನ ಧೂಳು ಕೂತು ಕಂದು ತಿರುಗಿತ್ತು.

ನನಗೆ ಬಹಳ ಖುಷಿ ಕೊಟ್ಟ ಕೆಲಸ ಇದು. ಹನ್ನೊಂದು ಫೋಟೋಗಳಿಂದ ಮನುಷ್ಯರನ್ನು ಬಿಟ್ಟು ಕಟ್ಟಡವನ್ನು ಮಾತ್ರ ಆಯ್ದುಕೊಳ್ಳೋದು. ಒಂದರಲ್ಲಿ ಎಡಗಡೆ ಕಂಬ ಮತ್ತು ಮೆಟ್ಟಿಲು ಸಿಕ್ಕಿತು. ಇನ್ನೊಂದರಲ್ಲಿ ಮರದ ಸರಳಿನ ಕಿಟಕಿ. ಮತ್ತೊಂದರಲ್ಲಿ ಮಾಡಿನಂಚಿನ ಮರದ ಪಟ್ಟಿ, ಗಂಟೆ ಅಂತ ನೇತುಹಾಕಿದ್ದ ರೈಲು ಕಂಬಿಯ ತುಂಡು. ತೊಂಬತ್ತರ ದಶಕದ ಫೋಟೋಗಳಲ್ಲಿ ಕಾಂಪೌಂಡಿನ ಹತ್ತಿರ ನಾಲ್ಕು ತೆಂಗಿನ ಮರ. ಈಗ ನಿಂತಿರೋದು ಒಂದು. ನುಸಿ ಬಂತು, ಮಳೆ ಹೋಯಿತು.

ಒಂದು ವಿಷಯ ಮಾತ್ರ ಯಾವ ಫೋಟೋದಲ್ಲೂ ಸಿಗಲಿಲ್ಲ. ನಡುಬಾಗಿಲು. ಗ್ರೂಪ್ ಫೋಟೋ ಅಂದರೆ ಹೆಡ್‌ಮಾಸ್ಟರ್ ನಡುವೆ ಕೂರಬೇಕು, ಅವರ ಹಿಂದೆ ಎತ್ತರದ ಹುಡುಗರು ಬೆಂಚಿನ ಮೇಲೆ ನಿಲ್ಲಬೇಕು. ಹನ್ನೊಂದು ವರ್ಷವೂ ಬಾಗಿಲ ಮುಂದೆ ಅದೇ ಗೋಡೆ. ಕೊನೆಗೆ ಮಾವ ಕಣ್ಣು ಮುಚ್ಚಿ ಹೇಳಿದರು: 'ಎರಡು ಕದ, ಒಂದೊಂದರಲ್ಲಿ ಮೂರು ಹಲಗೆ. ಚಿಲಕ ಮೇಲಕ್ಕಿತ್ತು, ಸಣ್ಣ ಹುಡುಗ್ರಿಗೆ ಎಟುಕ್ತಿರಲಿಲ್ಲ. ಮೇಷ್ಟ್ರು ತಡ ಮಾಡಿದ್ರೆ ಏಳನೇ ಕ್ಲಾಸಿನವ್ರೇ ತೆಗೀಬೇಕು.' ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅದನ್ನೇ ಹೇಳಿದರು.

ಒಂದು ಭಾನುವಾರ ಟೇಪು ಹಿಡಿದು ನಾನು, ಮಾವ ಶಾಲೆಗೆ ಹೋದೆವು. ಮಾವ ಹೆಂಚಿನ ಸಾಲು ಎಣಿಸಿದರು. ಮುರಿದ ಹೆಂಚೊಂದನ್ನು ತಿರುಗಿಸಿ ತೋರಿಸಿದರು. ಒಳಮೈಯಲ್ಲಿ ಉಬ್ಬಕ್ಷರದಲ್ಲಿ ಮಂಗಳೂರಿನ ಹೆಸರು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಈ ಹೆಂಚಿನ ಕಥೆ ಆರಂಭ. ಅದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದದ್ದು. ಹೆಂಚಿನ ಮೇಲೆ ಅಕ್ಷರ ನೆಟ್ಟಗೆ ಬರಬೇಕಾದರೆ ಅಚ್ಚಿನಲ್ಲಿ ತಿರುಗಾಮುರುಗಾ ಕೊರೆದಿರಬೇಕು, ತಾಮ್ರದ ತಗಡಿನ ಹಾಗೇನೆ. ನಮ್ಮ ಶಾಲೆಯ ಚಿತ್ರವನ್ನು ಯಾರೂ ಕೊರೆಯಲಿಲ್ಲ ನಿಜ. ಆದರೆ ನಮ್ಮ ಶಾಲೆಯ ಮಾಡೇ ಸಾವಿರಾರು ಅಚ್ಚುಗಳ ಕೆಳಗೆ ನಿಂತಿತ್ತು.

ಆಮೇಲೆ ಮಾವ ಜೇಬಿನಿಂದ ಬ್ಲೇಡು ತೆಗೆದು ಕಿಟಕಿ ಪಕ್ಕದ ಗೋಡೆಯಲ್ಲಿ ಒಂದು ರೂಪಾಯಿ ಅಗಲದಷ್ಟು ಕೆರೆದರು. ಮೇಲೆ ಗುಲಾಬಿ. ಅದರಡಿ ಹಳದಿ. ಅದರಡಿ ತಿಳಿ ನೀಲಿ. ಮತ್ತೂ ಅಡಿಯಲ್ಲಿ ಬಿಳೀ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ. ಒಬ್ಬೊಬ್ಬ ಹೆಡ್‌ಮಾಸ್ಟರ್ ಕಾಲಕ್ಕೆ ಒಂದೊಂದು.

ಅಲ್ಲಿಂದ ಗ್ರೂಪಿನಲ್ಲಿ ಜಗಳ ಶುರು. ಶಾಲೆಯ ಬಣ್ಣ ಯಾವುದು? ಅಪ್ಪನ ಬ್ಯಾಚಿನವರು ಬಿಳಿ ಅಂದರು, ಅದೇ ಮೂಲ ಅಂದರು. ಎಂಬತ್ತರ ದಶಕದವರು ನೀಲಿ ಬಿಟ್ಟು ಬೇರೆ ಒಪ್ಪಲಿಲ್ಲ. ನನಗೆ ಶಾಲೆ ಅಂದರೆ ಹಳದಿ. ಬಿಳಿ ಶಾಲೆಯ ಚಿತ್ರ ನೋಡಿದರೆ ಅದು ಅಪ್ಪನ ಶಾಲೆ ಅನ್ನಿಸುತ್ತೆ, ನನ್ನದಲ್ಲ.

ಕೈಯಲ್ಲಿ ಬಣ್ಣ ಹಾಕೋದರ ಗುಟ್ಟು ನನಗೆ ಹೊಳೆದದ್ದು ಇಲ್ಲೇ. ಗೆರೆ ಎಲ್ಲರಿಗೂ ಒಂದೇ ಇರಲಿ, ಬಣ್ಣ ಮಾತ್ರ ಅವರವರ ಬ್ಯಾಚಿನದ್ದು ಹಾಕಿದರೆ? ಕಲರ್ ಪ್ರಿಂಟ್ ತೆಗೆಸಿದರೆ ಒಂದು ಬಣ್ಣಕ್ಕೆ ಎಲ್ಲರೂ ಸಹಿ ಹಾಕಬೇಕು. ಕುಂಚಕ್ಕೆ ಆ ಹಟ ಇಲ್ಲ. ಮಾವನಿಗೆ ಹೇಳಿದೆ. 'ಅದೇನ್ ಮಹಾ, ನಾಲ್ಕು ಬಟ್ಟಲು ಇಟ್ಕೊಂಡ್ರಾಯ್ತು' ಅಂದರು.

ಪೆನ್ನಿನಲ್ಲಿ ಗೆರೆಯ ಚಿತ್ರ ತಯಾರಾಗಲು ಮೂರು ವಾರ ಹಿಡಿಯಿತು. ಎದುರಿನಿಂದ ನೆಟ್ಟಗೆ ನೋಡಿದ ನೋಟ. ಮೆಟ್ಟಿಲು, ಜಗಲಿ, ಆರು ಕಂಬ, ನಡುಬಾಗಿಲು, ನೆಟ್ಟಗೆ ನಿಂತ ನಾಲ್ಕು ತೆಂಗು. ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನ ಮುಂದೆ ಹಿಡಿದೆ.

ಅಮ್ಮನ ಬಗ್ಗೆ ಹೇಳಬೇಕು. ನಮ್ಮ ಕಡೆಗೆ ಬಿಸಿಯೂಟ ಬಂದದ್ದು 2003ರಲ್ಲಿ. ಶುರುವಾದಾಗಿನಿಂದಲೂ ಅಮ್ಮ ಶಾಲೆಯ ಅಡುಗೆಯವರು. ಶಾಲೆಯ ಹಿಂದೆ ಶೀಟು ಹಾಕಿದ ಸಣ್ಣ ಅಡುಗೆಮನೆ. ನಾನು ಓದುವಾಗ ಅಮ್ಮ ಅಲ್ಲೇ ಇದ್ದರು, ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅಲ್ಲೇ ಇದ್ದರು. ಇಪ್ಪತ್ತು ವರ್ಷದ ಮೇಲಾಯಿತು.

ಅಮ್ಮ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

'ಚೆನ್ನಾಗೈತೆ ಕಣೇ. ಅಡುಗೆಮನೆ ಎಲ್ಲಿ?'

'ಇದು ಮುಂದಿನಿಂದ ನೋಡಿದ್ದು ಅಮ್ಮ. ಅಡುಗೆಮನೆ ಹಿಂದಿದೆ, ಕಾಣಲ್ಲ.'

'ಹೂಂ, ಕಾಣಲ್ಲ' ಅಂದರು. ಒಲೆಯ ಕಡೆ ತಿರುಗಿ, 'ಫೋಟೋ ತೆಗೆಯೋ ದಿನ ಪಾಯಸ ನಮ್ದೇ. ಫೋಟೋ ಮುಗಿಯೋ ಹೊತ್ತಿಗೆ ಬಡಿಸೋಕೆ ರೆಡಿ ಇರ್ಬೇಕು ಅನ್ನೋರು' ಅಂದರು. ದೂರಿನ ದನಿ ಇರಲಿಲ್ಲ. ಮಾಮೂಲಿ ವಿಷಯ ಹೇಳಿದ ಹಾಗೆ ಹೇಳಿದರು.

ರಾತ್ರಿ ಹನ್ನೊಂದೂ ಫೋಟೋ ಮತ್ತೆ ತೆಗೆದು ನೋಡಿದೆ. 2003ರ ಈಚಿನವು ಮೂರಿದ್ದವು. ಹೆಡ್‌ಮಾಸ್ಟರ್, ಮೇಷ್ಟ್ರುಗಳು, ಟೀಚರ್, ಎಸ್‌ಡಿಎಂಸಿ ಅಧ್ಯಕ್ಷರು, ಒಂದರಲ್ಲಿ ಅಟೆಂಡರ್ ಕೂಡ. ಅಡುಗೆಯವರು ಒಂದರಲ್ಲೂ ಇಲ್ಲ. ಒಂದು ಫೋಟೋದಲ್ಲಿ ಮಾಡಿನ ಹಿಂದೆ ಬಲಗಡೆ ಬೂದು ಬಣ್ಣದ್ದೇನೋ ಮಸುಕಾಗಿತ್ತು. ಸ್ಕ್ಯಾನ್ ಸರಿಯಿಲ್ಲ ಅಂದುಕೊಂಡು ಅಷ್ಟು ದಿನ ಅದನ್ನು ಕ್ರಾಪ್ ಮಾಡಿಟ್ಟಿದ್ದೆವು. ದೊಡ್ಡದು ಮಾಡಿ ನೋಡಿದರೆ ಅದು ಹೊಗೆ.

ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎದುರಿಂದ ಬರೆದ್ರೆ ಬರೀ ಮುಖ ಬರ್ತದೆ. ಮೂಲೆಯಿಂದ ಬರೆದ್ರೆ ಎರಡು ಮಗ್ಗುಲು ಬರ್ತದೆ. ನೀನು ತೋರಿಸಿದ ಇಂಗ್ಲಿಷ್ ಚಿತ್ರಗಳಲ್ಲೂ ಎಷ್ಟೋ ಮೂಲೆಯಿಂದಾನೇ ಬರ್ದವ್ರೆ. ನಾನೇ ಬೋರ್ಡ್ ಕಾಣ್ಲಿ ಅಂತ ಎದುರ್ಗಡೆ ನಿಂತ್ಕಂಡಿದ್ದೆ' ಅಂದು ನಕ್ಕರು. ಮೂರು ವಾರದ ಚಿತ್ರವನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರುಮಾಡಿದರು.

ಹೊಸ ಚಿತ್ರ ಬಂತು. ಬಲಗಡೆ ಮೂಲೆಯಿಂದ ನೋಡಿದ್ದು. ಎಡಕ್ಕೆ ಜಗಲಿ ಉದ್ದಕ್ಕೆ ಸರಿಯುತ್ತಾ ಹೋಗುತ್ತದೆ, ಬಲಕ್ಕೆ ಪಕ್ಕದ ಗೋಡೆ, ಅದರಾಚೆ ಬೇವಿನ ಮರ, ಮರದ ಕೆಳಗೆ ಶೀಟಿನ ಅಂಚು, ಮೇಲೆ ಹೊಗೆ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದ ಇಬ್ಬರು ಹೆಂಗಸರು, ಬೆರಳಿನ ಉಗುರಿನಷ್ಟು ಎತ್ತರ. ಮುಖ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲೇ ಯಾರು ಅಂತ ನನಗೆ ಗೊತ್ತಾಯಿತು.

ಹಳೇ ಚಿತ್ರಗಳಲ್ಲಿ ಇಂಥ ಸಣ್ಣ ಮನುಷ್ಯರು ಯಾವಾಗಲೂ ಇರುತ್ತಾರೆ. ಕಟ್ಟಡ ಎಷ್ಟು ದೊಡ್ಡದು ಅಂತ ಅಳತೆ ಸಿಗಲಿ ಅಂತ ಹಾಕೋದು. ಈಟನ್ ಚಿತ್ರದಲ್ಲಿ ನಿಲುವಂಗಿಯ ಹುಡುಗರು, ದುರ್ಗದ ಚಿತ್ರದಲ್ಲಿ ಸಿಪಾಯಿಗಳು, ಎತ್ತುಗಳು. ಯಾರನ್ನು ಹಾಕಬೇಕು ಅನ್ನೋದು ಬರೆಯುವವನ ಇಷ್ಟ.

ಗ್ರೂಪಿಗೆ ಹಾಕಿದೆ. ಮೂರು ದಿನ ಗಲಾಟೆ. 'ಶೀಟು ಯಾಕೆ, ಹೆರಿಟೇಜ್ ಲುಕ್ ಹೋಗುತ್ತೆ' ಅಂದರು ಒಬ್ಬರು. 'ಮನುಷ್ಯರನ್ನ ಹಾಕೋದಾದ್ರೆ ನಮ್ಮ ಹೆಡ್‌ಮಾಸ್ಟರನ್ನ ಹಾಕಿ, ಅಡುಗೆಯವರನ್ನ ಯಾಕೆ' ಅಂದರು ಇನ್ನೊಬ್ಬರು. ನಾನು ಏನು ಬರೆದರೂ ಅದು ಮಗಳು ಬರೆದ ಹಾಗೆ ಆಗುತ್ತಿತ್ತು, ಹಾಗಾಗಿ ಫೋನ್ ಬೋರಲು ಹಾಕಿ ಕೂತೆ. ಅಪ್ಪನ ಬ್ಯಾಚಿನವರ ತಕರಾರು ಮಾತ್ರ ನ್ಯಾಯವಾದದ್ದು: ನಮ್ಮ ಕಾಲದಲ್ಲಿ ಅಡುಗೆಮನೆಯೇ ಇರಲಿಲ್ಲ, ಬಿಳೀ ಗೋಡೆಯ ಪಕ್ಕ ಅದು ಹೇಗೆ ಬಂತು?

ಉತ್ತರ ಕೊಟ್ಟದ್ದು ಅಪ್ಪ. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹಾಕದವರು ವಾಯ್ಸ್ ಮೆಸೇಜ್ ಹಾಕಿದರು: 'ಅಡುಗೆಮನೆ ಇರಲಿಲ್ಲ, ಅಡುಗೆ ಇತ್ತಲ್ರಪ್ಪಾ. ಉಪ್ಪಿಟ್ಟು ಮರೆತ್ರಾ? ಅದೇ ಬೇವಿನ ಮರದ ಕೆಳಗೆ ಮೂರು ಕಲ್ಲು ಇಟ್ಟು ಮಾಡ್ತಿದ್ರು.'

ಅಮೆರಿಕದ ಕೇರ್ ಸಂಸ್ಥೆಯ ಗೋಧಿ ನುಚ್ಚು, ಹಾಲಿನ ಪುಡಿ ನಮ್ಮ ಶಾಲೆಗಳಿಗೆ ಬರುತ್ತಿದ್ದ ಕಾಲ ಅದು. ಅಪ್ಪನ ಮೆಸೇಜಿನ ಕೆಳಗೆ ಉಪ್ಪಿಟ್ಟಿನ ಮಳೆಯೇ ಸುರಿಯಿತು. ಎಲೆಯಲ್ಲಿ ಇಸ್ಕೊಂಡದ್ದು, ತಂಗಿಗೆ ಅಂತ ಚಡ್ಡಿ ಜೇಬಿನಲ್ಲಿ ಒಯ್ದದ್ದು, ಸೀದ ಉಪ್ಪಿಟ್ಟಿನ ರುಚಿ. ಹೆರಿಟೇಜ್ ಅಂದವರೂ ಬರೆದರು. ಮಾಡಿ ಹಾಕುತ್ತಿದ್ದವರ ಹೆಸರು ಯಾರಿಗಾದರೂ ನೆನಪಿದೆಯಾ ಅಂತ ಒಬ್ಬರು ಕೇಳಿದರು. ಇಬ್ಬರ ಹೆಸರು ಬಂತು. ಒಬ್ಬ ಅಜ್ಜಿ ಇನ್ನೂ ಇದ್ದಾರೆ, ಚಿಕ್ಕನಾಯಕನಹಳ್ಳಿಯಲ್ಲಿ ಮಗಳ ಮನೆಯಲ್ಲಿ. ಒಪ್ಪದ ಒಬ್ಬ ಹಿರಿಯರು ಗ್ರೂಪ್ ಬಿಟ್ಟರು, ಇನ್ನೂ ವಾಪಸ್ ಬಂದಿಲ್ಲ.

ಮಾವ ದಾರಿ ಹುಡುಕಿದರು. ಗೆರೆ ಎಲ್ಲರಿಗೂ ಅದೇ. ಹಳೇ ಬ್ಯಾಚುಗಳ ಪ್ರತಿಯಲ್ಲಿ ಶೀಟಿನ ಗೆರೆಯ ಮೇಲೆ ಬೇವಿನ ಹಸಿರು ದಟ್ಟವಾಗಿ ಬರುತ್ತೆ, ಶೀಟು ಮರೆಯಾಗುತ್ತೆ. ಹೊಸ ಬ್ಯಾಚುಗಳಿಗೆ ಶೀಟಿನ ಬೂದು ಬಣ್ಣ ಕಾಣುತ್ತೆ. ಹೊಗೆ ಮತ್ತು ಇಬ್ಬರು ಹೆಂಗಸರು ಎಲ್ಲದರಲ್ಲೂ ಇರುತ್ತಾರೆ.

ತಾಮ್ರದ ತಗಡು ನಮ್ಮಿಂದ ಆಗುವ ಮಾತಲ್ಲ. ತಿಪಟೂರಿನಲ್ಲಿ ಮದುವೆ ಕಾರ್ಡ್ ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋದೆವು. ನಮಗೆ ಬೇಕಿದ್ದದ್ದು ನೀರು ತಾಗಿದರೆ ಹರಡದ ಶಾಯಿ, ದಪ್ಪ ಕಾಗದ. ಎರಡೂ ಅವರ ಹತ್ತಿರ ಇದ್ದವು. ಕಡುಕಂದು ಶಾಯಿಯಲ್ಲಿ 64 ಪ್ರತಿ ತೆಗೆದರು.

ಶನಿವಾರ, ಭಾನುವಾರ ಮಾವನ ಮನೆಯ ಹಜಾರದಲ್ಲಿ ಕೆಲಸ. ಮಾವ, ಅವರ ಸೊಸೆ, ನಾನು. ಮಾವ ನಾಲ್ಕು ಕಾಲಕ್ಕೆ ನಾಲ್ಕು ಮಾದರಿ ಮಾಡಿ ಗೋಡೆಗೆ ಸಿಕ್ಕಿಸಿದ್ದರು. ಮೊದಲು ಆಕಾಶ, ನೆಲ. ಒಣಗಿದ ಮೇಲೆ ಗೋಡೆ. ಆಮೇಲೆ ಮರ. ಹೆಂಚು ಕೊನೆಗೆ, ಅದು ಮಾವನ ಕೈಗೇ. ಒಂದೇ ಕೆಂಪು ಬಳಿದರೆ ಹೊಸ ಹೆಂಚಿನ ಹಾಗೆ ಕಾಣುತ್ತೆ. ಅಲ್ಲಲ್ಲಿ ಪಾಚಿಗಪ್ಪು ತಾಕಿಸಬೇಕು, ಬದಲಾಯಿಸಿದ ಹೆಂಚುಗಳನ್ನು ಎದ್ದು ಕಾಣುವ ಹಾಗೆ ಬಿಡಬೇಕು. ನನಗೆ ಸಿಕ್ಕಿದ್ದು ಆಕಾಶ. ಒಂದು ಪ್ರತಿಗೆ ಮೂವರ ಕೈಯೂ ಸೇರಿ ಮುಕ್ಕಾಲು ಗಂಟೆ.

ನನ್ನ ವೃತ್ತಿಯಲ್ಲಿ ಎರಡು ಪ್ರತಿ ಬೇರೆ ಬೇರೆ ಬಂದರೆ ಅದು ಬಗ್. ಇಲ್ಲಿ 64 ಆಕಾಶ ಹಾಕಿದೆ, ಎರಡು ಒಂದೇ ಥರ ಬರಲಿಲ್ಲ. ಮಾವ ಒಂದನ್ನೂ ತೆಗೆದಿಡಲಿಲ್ಲ. 'ದಿನಾ ಒಂದೇ ಥರ ಇರ್ತದಾ ಮೋಡ?' ಅಷ್ಟೇ.

ಮಾವನ ಕೂಲಿ ಮಾತ್ರ ಮೊದಲೇ ಮಾತಾಡಿಕೊಂಡಿದ್ದೆವು. ಊರ ಕೆಲಸ, ಸೇವೆ ಅಂತ ಮಾಡಿಕೊಡಿ ಎಂದು ಗ್ರೂಪಿನಲ್ಲಿ ಯಾರೋ ಅಂದಿದ್ದರು. ಅದಕ್ಕೆ ಮಾವ, 'ಶಾಲೆಗೆ ನನ್ನ ದೇಣಿಗೆ ಬೇರೆ ಕೊಡ್ತೀನಿ. ಕೂಲಿ ಬೇರೆ' ಅಂದರು. ಸೊಸೆಗೂ ಪ್ರತಿಗೆ ಇಷ್ಟು ಅಂತ ಗೊತ್ತುಮಾಡಿದರು. ಒಂದು ಪ್ರತಿಗೆ 1,200 ರೂಪಾಯಿ ಇಟ್ಟೆವು. ಕಾಗದ, ಅಚ್ಚು, ಕೂಲಿ, ಚೌಕಟ್ಟು ಕಳೆದು ಉಳಿದದ್ದರಲ್ಲಿ ಹೊಸ ಕೊಠಡಿಗೆ ಪುಸ್ತಕದ ಬೀರು ಬರುತ್ತೆ.

ಪ್ರತಿಯ ಕೆಳಗೆ, ಹಳೇ ಎಂಗ್ರೇವಿಂಗ್‌ಗಳಲ್ಲಿ ಇರುವ ಹಾಗೆ, ಸಣ್ಣದಾಗಿ ಹೆಸರು ಹಾಕಿಸಿದೆವು. ಗೆರೆ ಎಳೆದವರದ್ದು, ಅಚ್ಚು ತೆಗೆದವರದ್ದು. ಅಕರ್ಮನ್ನನ ಪುಸ್ತಕದಲ್ಲಿ ಇಲ್ಲದ್ದು ಒಂದು ನಮ್ಮದರಲ್ಲಿದೆ: ಬಣ್ಣ ತುಂಬಿದವರದ್ದು. ಸೊಸೆ ತಮ್ಮ ಹೆಸರು ಅಚ್ಚಾಗಿದ್ದನ್ನು ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡರು.

ಮೇ ತಿಂಗಳಲ್ಲಿ ಜೆಸಿಬಿ ಬಂತು. ಹೆಂಚುಗಳನ್ನು ಮೊದಲೇ ಇಳಿಸಿ ಸಾಲಾಗಿ ಜೋಡಿಸಿದ್ದರು. ಗೋಡೆ ಬೀಳೋದಕ್ಕೆ ಅರ್ಧ ದಿನವೂ ಬೇಕಾಗಲಿಲ್ಲ. ಮುರಿದ ಗೋಡೆಯ ಅಂಚಿನಲ್ಲಿ ಸುಣ್ಣದ ಪದರಗಳು ಗೆರೆಗೆರೆಯಾಗಿ ಕಾಣುತ್ತಿದ್ದವು ಅಂತ ಅಪ್ಪ ವಿಡಿಯೋ ಕಳಿಸಿದರು. ಅಡುಗೆಮನೆ ಮಾತ್ರ ನಿಂತಿದೆ. ಹೊಸ ಕಟ್ಟಡ ಆಗುವ ತನಕ ಮಕ್ಕಳು ಪಂಚಾಯ್ತಿ ಸಮುದಾಯ ಭವನದಲ್ಲಿ ಕೂತರೂ ಊಟಕ್ಕೆ ಅಲ್ಲಿಗೇ ಬರಬೇಕು.

ಅಮ್ಮನ ಪ್ರತಿ ಹಳದಿ ಗೋಡೆಯದ್ದು. ಹಜಾರದಲ್ಲಿ ಹಾಕೋಣ ಅಂದೆ. ಬೇಡ ಅಂದು ಶಾಲೆಯ ಅಡುಗೆಮನೆಗೇ ಒಯ್ದರು, ಹೊಗೆ ತಾಗದ ಕಡೆ ಮೊಳೆ ಹೊಡೆಸಿದ್ದಾರೆ. ಊಟಕ್ಕೆ ಬರುವ ಚಿಕ್ಕ ಮಕ್ಕಳು ಅದರಲ್ಲಿ ಅಮ್ಮನನ್ನು ಬೆರಳಿಟ್ಟು ತೋರಿಸುತ್ತಾರಂತೆ. ಉಪ್ಪಿಟ್ಟಿನ ಅಜ್ಜಿಗೆ ಬಿಳೀ ಗೋಡೆಯದ್ದನ್ನು ಅಪ್ಪನೇ ಚಿಕ್ಕನಾಯಕನಹಳ್ಳಿಗೆ ಹೋಗಿ ಕೊಟ್ಟು ಬಂದರು.

ಆ ಮನೆಯ ಪಕ್ಕದವರೊಬ್ಬರು ಅದನ್ನು ನೋಡಿ ಮಾವನ ನಂಬರ್ ತೆಗೆದುಕೊಂಡಿದ್ದಾರೆ. ಅವರ ಊರಿನ ಶಾಲೆಯೂ ಹೆಂಚಿನದ್ದೇ, ಕೆಡವುವ ಮಾತು ನಡೆದಿದೆ. ಅವರು ಕಳಿಸಿದ ಗ್ರೂಪ್ ಫೋಟೋದಲ್ಲಿ ಮೂರು ಮೆಟ್ಟಿಲು ಬಿಟ್ಟು ಕಟ್ಟಡದ್ದೇನೂ ಕಾಣೋದಿಲ್ಲ. ಮಾವ ಅದನ್ನು ನನಗೆ ಫಾರ್ವರ್ಡ್ ಮಾಡಿ, ಹಿಂದೆಯೇ ಫೋನ್ ಮಾಡಿದರು.

'ಬಿಲ್ಡಿಂಗ್ ಇನ್ನೂ ನಿಂತೈತಂತೆ. ಭಾನುವಾರ ಟೇಪ್ ತಗಂಡು ಬಾ. ಹಿಂದ್ಗಡೆಯಿಂದ ಶುರು ಮಾಡಣ.'